ತ, ಗ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಗುಬ್ಬಿಗೆ,

ನಿನ್ನ ಭಾವ ಮನಸಾರೆ ಹರಸಿ ಬರೆಯುತ್ತಿದ್ದೇನೆ. ನಿನ್ನಕ್ಕ ಊಟ ಮುಗಿಸಿ ಮಲಗಿದ್ದಾಳೆ. ಊಟ ಅಂದರೆ ಹೊಟ್ಟೆಗೆ ಹಾಕಿರುವ ನಳಿಕೆಯಲ್ಲಿ ಆಯಮ್ಮ ಸುರಿಯುವ ತಿಳಿ. ಸುರಿಯುವಾಗಲೂ ಆಯಮ್ಮ, ಇನ್ನೊಂದೇ ತುತ್ತು ಅಮ್ಮಾ, ನನ್ನ ಚಿನ್ನ ಅಲ್ವಾ, ಅನ್ನುತ್ತಾಳೆ. ಅದನ್ನು ಕೇಳಿ ನಿನ್ನಕ್ಕನ ಕಣ್ಣು ನಗುತ್ತವೆ.

ಮನೆ ಹೇಗೆ ನಡೀತಿದೆ ಭಾವ ಅಂತ ಫೋನಿನಲ್ಲಿ ಕೇಳಿದೆ. ನಡೀತಿದೆಯಮ್ಮ. ಹಗಲೆಲ್ಲ ಆಯಮ್ಮ, ಅವಳು ಹೋದ ಮೇಲೆ ನಾನು. ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸಲು ಎದುರುಮನೆಯ ಬಸ್ ಡ್ರೈವರ್ ಬರುತ್ತಾನೆ. ಹಿಂದೆ ಬರ್ಲಿ, ಹಿಂದೆ ಬರ್ಲಿ, ಹೋಲ್ಡಾನ್ ಅಂತ ತಾನೇ ಕೂಗಿಕೊಳ್ಳುತ್ತಾ ಎತ್ತುತ್ತಾನೆ. ಗಂಟಲಲ್ಲಿ ಜೊಲ್ಲು ನಿಂತರೆ ಎಳೆಯುವುದಕ್ಕೊಂದು ಯಂತ್ರ, ಮಲಗುವಾಗ ಉಸಿರಿಗೊಂದು ಮಾಸ್ಕು. ಅವಳ ರವಿಕೆಗಳನ್ನೆಲ್ಲ ಬೆನ್ನ ಕಡೆ ಸೀಳಿಸಿ ಲಾಡಿ ಹೊಲಿಸಿದ್ದೇನೆ, ತೋಳು ತಿರುಚದೆ ಹಾಕಲು ಸುಲಭ. ಈ ಎ.ಎಲ್.ಎಸ್. ಅನ್ನುವ ಕಾಯಿಲೆ ಅವಳ ಕೈಕಾಲು, ನಾಲಿಗೆ ಎಲ್ಲ ಕಿತ್ತುಕೊಂಡಿತು, ಬುದ್ಧಿಯನ್ನು ಮಾತ್ರ ಮುಟ್ಟಲಿಲ್ಲ. ನಾನು ಗಡ್ಡ ಬಿಟ್ಟರೆ ಈಗಲೂ ಕಣ್ಣಲ್ಲೇ ಬೈಸಿಕೊಳ್ಳುತ್ತೇನೆ.

ಬೋರ್ಡಿನ ವಿಷಯ ನಿನಗೆ ಹೇಳಬೇಕು. ಅಂಗಡಿಗಳಿಗೆ ಬೋರ್ಡು ಬರೆದೇ ಬಾಳಿದವನು ನಾನು. ಶಾಲೆಯ ಮುಖ ಕಂಡದ್ದು ಕಡಿಮೆ. ಎಲ್ಲಿ ಕೊಂಬು, ಎಲ್ಲಿ ದೀರ್ಘ ಅಂತ ಬಣ್ಣ ಒಣಗುವ ಮೊದಲೇ ಓಡಿಬಂದು ತಿದ್ದುತ್ತಿದ್ದವಳು ಟೀಚರಾಗಿದ್ದ ನಿನ್ನಕ್ಕ. ಅವಳ ಮಾತು ನಿಂತಾಗ ಅವಳಿಗೂ ಒಂದು ಅಕ್ಷರದ ಬೋರ್ಡು ಬರೆದೆ. ಪ್ರತಿ ಅಕ್ಷರಕ್ಕೂ ಕೆಂಪು ನೆರಳು, ಸುತ್ತ ಹೂಬಳ್ಳಿ. ಅದರಲ್ಲಿ ಅವಳು ಆಡಿದ ಮೊಟ್ಟಮೊದಲ ಮಾತು ಏನು ಗೊತ್ತಾ? ಕಣ್ಣು ನೋವು!

ಹಾಗಾಗಿ ಈಗಿರುವುದು ಬಿಳಿಯ ಮೇಲೆ ಕಪ್ಪು, ಬರೀ ಅಕ್ಷರ. ಕೊಂಬು, ದೀರ್ಘ, ಸೊನ್ನೆ ಯಾವುದೂ ಇಲ್ಲ, ರೆಪ್ಪೆಗೆ ಆಯಾಸ ಅಂತ ಬಿಟ್ಟೆವು. ನಾನು ಬೆರಳಾಡಿಸುತ್ತೇನೆ, ಬೇಕಾದ ಅಕ್ಷರ ಬಂದಾಗ ಅವಳು ರೆಪ್ಪೆ ಮುಚ್ಚುತ್ತಾಳೆ. ಉಳಿದದ್ದು ನನ್ನ ಊಹೆ. ನನ್ನನ್ನು ಕರೆಯಲು ಅವಳಿಗೆ ಒಂದೇ ಅಕ್ಷರ ಸಾಕು, ರ. ರೀ ಅಂತ. ಬೋರ್ಡು ಹಿಡಿದು ಎದುರಿಗೇ ಕೂತವನನ್ನು ಯಾಕಮ್ಮ ಕರೀತೀಯ ಅಂದರೆ ಮತ್ತೆ ಅದೇ ಅಕ್ಷರ. ಗುಬ್ಬೀ, ಅಡಿಗೆಮನೆಯಿಂದ ರೀ ಅಂತ ಕೂಗಿದರೆ ಬೀದಿ ತುದಿಗೆ ಕೇಳುತ್ತಿದ್ದ ಆ ದನಿಗೆ ಒಂದೇ ಒಂದು ಸಲ ಓಗೊಡಬೇಕು ಅಂತ ಜೀವ ಹಾತೊರೆಯುತ್ತದೆ.

ಮೊನ್ನೆಮೊನ್ನೆಯಿಂದ ಅವಳು ತ, ಗ ಅನ್ನತೊಡಗಿದಳು. ತೆಗಿ ಅಂದುಕೊಂಡೆ. ಹೊದಿಕೆ ತೆಗೆದೆ. ಮತ್ತೆ ತ, ಗ. ಕಿಟಕಿ ತೆಗೆದೆ. ಆಯಮ್ಮ ಕಾಲುಚೀಲ ತೆಗೆದಳು, ದಿಂಬು ತೆಗೆದಳು, ಕೊನೆಗೆ ನಿಮ್ಮನ್ನೇ ಹೊರಗೆ ತೆಗೀಬೇಕೇನೋ ಯಜಮಾನ್ರೇ ಅಂದಳು. ಗಂಡನಿಗೇ ತೆಗಿ ಅನ್ನುವಷ್ಟು ದೊಡ್ಡವಳಾದೆಯಾ ಅಂತ ನಾನೂ ರೇಗಿಸಿದೆ. ರೀ ಸೇರಿಸದೆ ನನಗೆ ಯಾವ ಕೆಲಸವನ್ನೂ ಹೇಳಿದವಳಲ್ಲ ಅವಳು. ಅಲ್ಲೇ ಹೊಳೆಯಬೇಕಿತ್ತು.

ನಿನ್ನೆ ನೀನು ಫೋನು ಮಾಡಿದಾಗ ಅವಳ ಕಿವಿಗೆ ಹಿಡಿದೆ. ನೀನು ಅಳುತ್ತಾ ಫೋನಿಟ್ಟೆ. ಅವಳು ಮತ್ತೆ ತ, ಗ. ತೆಗೆದೆನಲ್ಲೇ ಮಾರಾಯ್ತಿ ಅಂತ ಫೋನನ್ನು ಮೇಜಿನ ಮೇಲಿಟ್ಟರೆ, ಕಣ್ಣು ಅದರ ಹಿಂದೆಯೇ ಹೋದವು, ತುಂಬಿಬಂದವು. ಸೊನ್ನೆಯಿಲ್ಲದ ನನ್ನ ಬೋರ್ಡು! ತೆಗಿಯಲ್ಲ ಗುಬ್ಬೀ, ತಂಗಿ. ತಂಗೀನಾ ಅಂತ ಕೇಳಿದೆ. ರೆಪ್ಪೆ ಎಷ್ಟು ಬಿಗಿಯಾಗಿ ಮುಚ್ಚಿದಳೆಂದರೆ, ತೆರೆಯುವವರೆಗೆ ನನಗೆ ಉಸಿರಾಡಲಾಗಲಿಲ್ಲ.

ಅಕ್ಕನನ್ನು ಹಾಗೆ ನೋಡೋಕೆ ನನ್ನ ಕೈಲಾಗಲ್ಲ, ಮೊದಲಿನ ಅಕ್ಕನೇ ಕಣ್ಣಲ್ಲಿರಲಿ ಅನ್ನುತ್ತೀಯ. ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಿನ್ನ ಕಣ್ಣಲ್ಲಿ ಅವಳು ಹೇಗಿರಬೇಕು ಅಂತ ನೀನು ಯೋಚಿಸುತ್ತಿರುವಾಗ, ಅವಳ ಕಣ್ಣು ನಿನ್ನನ್ನು ಹುಡುಕುತ್ತಿವೆಯಮ್ಮ. ಬಂದು ಅಳು, ಪರವಾಗಿಲ್ಲ, ನಾವೂ ಅಳುತ್ತೇವೆ. ಅವಳ ಪಕ್ಕದಲ್ಲೇ ಹಾಸಿಗೆ ಹಾಸಿಕೊಡುತ್ತೇನೆ.

ಶುಕ್ರವಾರ ಡಾಕ್ಟರು ಬಂದು ನೋಡಿ ಹೋದರು. ಗಾಬರಿ ಪಡುವಂಥದ್ದೇನಿಲ್ಲ. ಅವಸರವೂ ಇಲ್ಲ, ನಿನ್ನ ಅನುಕೂಲ ನೋಡಿಕೊಂಡು ಬಾ.

ನಿನ್ನ ದಾರಿ ಕಾಯುವ,
ಭಾವ

ಲಕೋಟೆ ಅಂಟಿಸುವ ಮುಂಚೆ ಇದೊಂದು: ಡಾಕ್ಟರು ಸುಮ್ಮನೆ ಬಂದಿರಲಿಲ್ಲ. ಇನ್ನು ಮಾಸ್ಕು ಸಾಲದು, ಗಂಟಲಿಗೆ ತೂತು ಮಾಡಿ ಉಸಿರಾಟದ ಯಂತ್ರ ಜೋಡಿಸಬಹುದು, ಬೇಕೋ ಬೇಡವೋ ಅಮ್ಮನೇ ಹೇಳಲಿ ಅಂದರು. ನಾನು ಬೋರ್ಡು ಹಿಡಿದೆ. ಬ, ಡ ಅಂದಳು. ಅವತ್ತಿನಿಂದ ಆ ಎರಡು ಅಕ್ಷರಕ್ಕೆ ಬೇರೇನಾದರೂ ಅರ್ಥ ಹೊಂದುತ್ತದಾ ಅಂತ ಹುಡುಕುತ್ತಿದ್ದೇನೆ. ಬೇಡ ಅಂದರೂ ಅರ್ಥ ಅದೇ, ಬಿಡಿ ಅಂದರೂ ಅದೇ. ಅವಸರವಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು ಗುಬ್ಬೀ. ಬೇಗ ಬಾ.