ಎಡಕ್ಕೆ ಹೋಗುತ್ತಿದ್ದ ಬಾಣಗಳು

ಲಾಸ್ಯಾ,

ನಾನೂ ನಿಮ್ಮತ್ತೆಯೂ ಮಗರಾಯ ಅಜಯ್ ಕಾರಿನಲ್ಲಿ ಸ್ಯಾನ್ ರಮೋನ್‌ಗೆ ಹೊರಟಿದ್ದೇವೆ. ನೀನು ಎದ್ದ ಮೇಲೆ ಗರಾಜಿಗೆ ಹೋಗಿ ನೋಡು. ಬೇಟೆಯ ಅಲಗುಮೊನೆಗಳನ್ನು, ಅದೇ ಆ ಬ್ರಾಡ್‌ಹೆಡ್ಡುಗಳನ್ನು, ಬಾಣಗಳಿಗೆ ಕೂರಿಸಿಟ್ಟಿದ್ದೇನೆ. ಬರಿಗೈಯಲ್ಲಿ ಮುಟ್ಟಬೇಡ, ಬಿಗಿ ಮಾಡಲು ಪ್ಲಾಸ್ಟಿಕ್ ಕೀ ಪಕ್ಕದಲ್ಲೇ ಇದೆ.

ನಿನ್ನೆ ಅಭ್ಯಾಸ ಮುಗಿಸಿ ಬಂದು, "ಮಾವ, ನನ್ ಕೈಯೇ ಸರಿ ಇಲ್ಲ, ಎಲ್ಲಾ ಎಡಕ್ಕೇ ಹೋಗುತ್ತೆ. ಶನಿವಾರ ಹಂದಿ ಬೇಟೆಗೆ ಬರಲ್ಲ ಅಂತ ಹೇಳ್ಬಿಡ್ತೀನಿ" ಅಂದೆ. ಮೂವತ್ತು ವರ್ಷ ಲೇತ್ ಮುಂದೆ ನಿಂತವನಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಬೆಳಿಗ್ಗೆ ಎದ್ದು ಒಂದೊಂದು ಬಾಣವನ್ನೂ ಹಲಗೆಯ ಮೇಲೆ ಮೊನೆಯೂರಿ ಬುಗುರಿಯಂತೆ ತಿರುಗಿಸಿದೆ. ಆರೂ ತಲೆಯಾಡಿಸಿದವು. ಬ್ರಾಡ್‌ಹೆಡ್ಡು ಕೂರುವ ತುದಿಯೇ ಸಮ ಇರಲಿಲ್ಲ. ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಕೂರಿಸಿದೆ, ಈಗ ನೆಟ್ಟಗೆ ತಿರುಗುತ್ತವೆ. ದೋಷ ಬಾಣದ್ದು, ನಿನ್ನ ಕೈಯದಲ್ಲ.

ತಾಗಿದಾಗ ಅಲಗು ಬಿಚ್ಚಿಕೊಳ್ಳುವ ಬಗೆಯದನ್ನು ಅಜಯ್ ತಂದಿದ್ದಾನೆ. ಅದು ಡಬ್ಬಿಯಲ್ಲೇ ಇರಲಿ. ಬಿಚ್ಚಿಕೊಳ್ಳುವುದಕ್ಕೇ ಅದಕ್ಕೆ ಬಲ ಬೇಕು, ನಿನ್ನ ಬಿಲ್ಲು ಹಗುರ. ಹಂದಿ ನರಳಬಾರದು. ಬಿಚ್ಚದ, ಗಟ್ಟಿ ಅಲಗಿನದೇ ನಿನಗೆ ಸರಿ.

ನಿಮ್ಮತ್ತೆ ಬಾಗಿಲಲ್ಲಿ ನಿಂತು, "ಸೊಸೆ ನಾಲಿಗೆ ಚೂಪು ಸಾಲ್ದು ಅಂತ ಬಾಣನೂ ಚೂಪು ಮಾಡ್ತಿದ್ದೀರಾ" ಅಂದಳು. ಹಾಗಂದವಳೇ ನಿನಗೆ ಚಿತ್ರಾನ್ನ ಕಲಸಿಟ್ಟಿದ್ದಾಳೆ.

ಇನ್ನೊಂದು ವಿಷಯ. ನೀನು ಮಾರಾಟಕ್ಕಿಟ್ಟ ಬಿಲ್ಲು ಕೊಳ್ಳಲು ಇವತ್ತು ಇಲ್ಲೇ ನೆವಾರ್ಕಿನಿಂದ ಒಬ್ಬ ಬರುತ್ತಾನೆ ಅಂತ ಅಜಯ್ ಹೇಳಿದ. ಮಾರುವುದಿಲ್ಲ ಅಂತ ಅಜಯ್ ಕೈಲೇ ಆ ಗಿರಾಕಿಗೆ ಮೆಸೇಜು ಹಾಕಿಸಿಬಿಟ್ಟಿದ್ದೇನೆ. ಬೈಯುವುದಿದ್ದರೆ ಬೇಟೆ ಮುಗಿಸಿ ಬಂದು ಬೈಯಿ.

ಮಾವ