ಪೀರಪ್ಪನ ಹಟ್ಟಿಯ ಕರಿಕಂಬಳಿ

ಜಿಲ್ಲೆಯ ಶಾಂತಿಯನ್ನು ಲಾಠಿಯ ತುದಿಯಲ್ಲಿ ಕಾಯುತ್ತಿರುವ ಪೊಲೀಸ್ ವರಿಷ್ಠರೇ,

ಸಿರ್ಗಾಪುರದ ಕುರಿಗಾರ ಪೀರಪ್ಪನ ಬಲಗೈ ಮುರಿದವರು ನಿಮ್ಮ ಸಿಬ್ಬಂದಿ. ಮಂತ್ರಿಗಳ ದಾರಿಯಲ್ಲಿ ಕಪ್ಪು ಬಾವುಟ ಹಾರಿಸಿದನೆಂದು ಮೊಕದ್ದಮೆ ಹೂಡಿ ಬಂಧನದಲ್ಲಿಟ್ಟವರೂ ಅವರೇ. ಆ ಮೊಕದ್ದಮೆ ಸುಳ್ಳು. ಆ ಸುಳ್ಳಿನಲ್ಲಿ ನನ್ನ ಪಾಲೂ ಇದೆ. ಆದ್ದರಿಂದಲೇ ಈ ಪತ್ರವನ್ನು ಲಕೋಟೆಗೆ ಹಾಕದೆ ಪತ್ರಿಕೆಗೆ ಕೊಡುತ್ತಿದ್ದೇನೆ.

ಕಳೆದ ತಿಂಗಳು ಮಂತ್ರಿಗಳು ಬರುವ ದಿನ, ಶಾಲೆಯ ಮಕ್ಕಳ ಕೈಗೆ ಕಾಗದದ ಬಾವುಟ ಕೊಟ್ಟು ರಸ್ತೆಯ ಬದಿಗೆ ನಿಲ್ಲಿಸಿದ್ದೆ. ಕೆರೆಯ ದಂಡೆಯ ಕುರಿಹಟ್ಟಿಯಲ್ಲಿ ಗಳಕ್ಕೆ ಕಟ್ಟಿದ ಕರಿಕಂಬಳಿಯ ತುಂಡೊಂದು ಹಾರುತ್ತಿತ್ತು. ಇಲ್ಲಿಯ ಮಾತು ಬಾರದ ನಿಮ್ಮ ಇನ್‌ಸ್ಪೆಕ್ಟರರು, ಓದಿದವಳೆಂದು, ಅದೇನೆಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಕಪ್ಪು ಬಾವುಟವೆಂದರೆ ಕಡಲುಗಳ್ಳರ ಹಡಗು ಎಂದು ಕಾನ್ವೆಂಟಿನಲ್ಲಿ ಕಲಿತವಳು, ಧಿಕ್ಕಾರವೆಂದು ಪತ್ರಿಕೆಗಳಲ್ಲಿ ಓದಿದವಳು ನಾನು. ಹನ್ನೊಂದು ವರ್ಷ ಈ ನೆಲದ ನೀರು ಕುಡಿದೂ, ಪ್ರತಿಭಟನೆ ಇರಬೇಕು ಎಂದುಬಿಟ್ಟೆ.

ಐದು ಜನ ಹಟ್ಟಿಗೆ ನುಗ್ಗಿದರು. ಪೀರಪ್ಪ ಕೈಮುಗಿದ. ಮುಗಿದ ಕೈಗಳ ಮೇಲೇ ಮೊದಲ ಏಟು ಬಿತ್ತು. ಮೂಳೆ ಮುರಿದ ಸದ್ದು ಮಕ್ಕಳಿಗೂ ಕೇಳಿಸಿತು. ಬಿದ್ದವನ ಬಾಯಿಗೆ ಬೂಟಿನಿಂದ ಒದ್ದರು. ಅವನ ಹೆಂಡತಿ ಮಾಳಮ್ಮ ಓಡಿಬಂದು ಗಳವನ್ನು ಅಪ್ಪಿಕೊಂಡಳು.

"ನನಗೂ ಹೊಡೀರಿ ಸಾಬ್, ಖರೆ ಇದು ಇಳಸಬ್ಯಾಡ್ರಿ. ಕುರಿಗಿ ಸಿಡುಬು ಬಂದದ. ಬ್ಯಾರೆ ಹಿಂಡು ಈ ನೀರಿಗಿ ಬರಬಾರದಂತ ಕಟ್ಟೀವಿ."

ಅವಳ ಕೂದಲು ಹಿಡಿದು ಎಳೆದೆಸೆದರು, ಗಳ ಮುರಿದರು. ಅವಳ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಲಾಠಿಗೆ ಹೆದರಿದೆನೋ, ನನ್ನ ತಪ್ಪು ಬಯಲಾದೀತೆಂದು ನಾಚಿದೆನೋ, ಇನ್ನೂ ತಿಳಿಯದು. ಮಂತ್ರಿಗಳಂತೂ ಜಹೀರಾಬಾದಿನಿಂದಲೇ ಹಿಂದಿರುಗಿದರಂತೆ. ಯಾರ ಕಣ್ಣಿಗೆ ಬೀಳದಿರಲೆಂದು ಆ ರಕ್ತ ಹರಿಸಿದಿರಿ?

ಅಕ್ಷರ ಬಾರದ ಈ ಕುರಿಗಾರರು ಆ ಕಂಬಳಿಯನ್ನು ಮೈಲಿ ದೂರದಿಂದ ಓದಿ ಹಿಂಡು ತಿರುಗಿಸುತ್ತಾರೆ. ಮರುದಿನ ಪೆದ್ದೆಮುಲ್ ಕಡೆಯಿಂದ ಬಂದ ಕಾಶಪ್ಪನಿಗೆ ಓದಲು ಏನೂ ಇರಲಿಲ್ಲ. ಹಿಂಡನ್ನು ನೀರಿಗೆ ಇಳಿಸಿದ. ಈಗ ಅವನ ಕುರಿಗಳು ಮೂಗು ಬಾಯಲ್ಲಿ ಕೀವು ಸುರಿಸಿ ಸಾಯುತ್ತಿವೆ. ಆ ಸಾವಿಗೆ ಯಾವ ಕಲಂ, ಯಾರ ಮೇಲೆ?

ನಿಮ್ಮವರು ಟೈಪು ಮಾಡಿಸಿ ತಂದ ಹೇಳಿಕೆಗೆ ನಾನು ರುಜು ಹಾಕುವುದಿಲ್ಲ. ಪೀರಪ್ಪನನ್ನು ಬಿಡಿ. ಹೊಡೆದ ಐವರ ಮೇಲೆ ಮೊಕದ್ದಮೆ ಹೂಡಿ. ನಾನು ಸಾಕ್ಷಿ ಹೇಳುತ್ತೇನೆ. ಠಾಣೆಯಲ್ಲಿ ಮೊಹರು ಹಾಕಿಟ್ಟಿರುವ ಆ ಕಂಬಳಿಯ ತುಂಡನ್ನು ಇಂದೇ ಕಳುಹಿಸಿ. ಕಾಶಪ್ಪನ ಹಟ್ಟಿಗೆ ಅದು ಬೇಕಾಗಿದೆ; ಬೇರೊಂದನ್ನು ಕಟ್ಟುವ ಧೈರ್ಯ ಇಲ್ಲಿ ಯಾರಿಗೂ ಉಳಿದಿಲ್ಲ.

ಇಂತಿ,
ಕೇಳಿದಾಗ ತಪ್ಪು ಹೇಳಿ, ಹೇಳಬೇಕಾದಾಗ ಬಾಯಿ ಮುಚ್ಚಿದ
ದ್ರೌಪದಿ, ಶಾಲಾ ಶಿಕ್ಷಕಿ
ನಾರಾಯಣಖೇಡ, ೧೯೭೩