ಐದು ಸಲ ಸತ್ತ ಡ್ರೈವರ್

ಭಾನುವಾರ, ತಿಂಗಳ ಹದಿನೇಳು
ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಕಡ್ಡಿ ಮಾಡುವ ನಮಸ್ಕಾರ. ಫೋನು ಮಾಡಿದರೆ ಹೋಗುವುದಿಲ್ಲ, ಸಂದೇಶ ಕಳಿಸಿದರೆ ತಲುಪುವುದಿಲ್ಲ. ನನ್ನ ನಂಬರಿಗೆ ನೀನು ಬಾಗಿಲು ಹಾಕಿದ್ದೀಯ ಅಂತ ತಿಳಿಯಲು ಪತ್ತೇದಾರಳೇ ಆಗಬೇಕಿಲ್ಲ. ಅದಕ್ಕೇ ಈ ಕಾಗದ. ಅತ್ತಿಗೆ ಓದಿದರೂ ಓದಲಿ, ಗುಟ್ಟೇನಿಲ್ಲ.

ಮೊದಲು ಹಳೆಯದನ್ನು ಮುಗಿಸಿಬಿಡುತ್ತೇನೆ. ಎಂಟು ತಿಂಗಳ ಹಿಂದೆ ಮನೆಯವರ ಗುಂಪಿನಲ್ಲಿ ನೀನು ಹಾಕಿದ ನೀರಿನ ಮೀಟರಿನ ಸುದ್ದಿಯ ಮೇಲೆ ನಾನು ‘ಸುಳ್ಳು’ ಅನ್ನುವ ಕೆಂಪು ಮುದ್ರೆ ಒತ್ತಿ ವಾಪಸ್ ಹಾಕಿದೆ. ಸುದ್ದಿ ಸುಳ್ಳೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿಕ್ಕಪ್ಪ, ಸೋದರತ್ತೆ, ನಿನ್ನ ಮಕ್ಕಳು ಎಲ್ಲರೂ ನೋಡುವ ಜಾಗದಲ್ಲಿ ಆ ಮುದ್ರೆಯನ್ನು ನಿನ್ನ ಹಣೆಗೇ ಒತ್ತಿದ ಹಾಗಾಯಿತು. ನಿನಗೊಬ್ಬನಿಗೆ ಹೇಳಬಹುದಿತ್ತು. ನೀನು ಗುಂಪು ಬಿಟ್ಟು ಹೋದಾಗ ಸತ್ಯ ಹೇಳಿದ್ದಕ್ಕೆ ಮುನಿಸಿಕೊಂಡ ಅಂದುಕೊಂಡೆ. ಈಗ ಹಾಗೆ ಅನ್ನಿಸುತ್ತಿಲ್ಲ.

ಈಗ ಮಂಗಳವಾರದ ವಿಷಯ. ಆ ಫೋಟೋ ನಿನಗೆ ಚೆನ್ನಾಗಿ ಗೊತ್ತು, ನೀನೇ ನನಗೆ ಕಳಿಸಿದ್ದೆ. ನೆಲಕ್ಕೆ ಬಿದ್ದ ವಯಸ್ಸಾದ ಮನುಷ್ಯ, ತಲೆಯ ಪಕ್ಕ ರಕ್ತ, ಒಂದು ಕಾಲು ಮಡಚಿಕೊಂಡಿದೆ. ಕೆಳಗೆ ಬರಹ: ನಮ್ಮ ಪಕ್ಷದ ಕಾರ್ಯಕರ್ತ, ಮೂರು ಮಕ್ಕಳ ತಂದೆ, ಎದುರು ಪಕ್ಷದವರು ಹೊಡೆದು ಕೊಂದಿದ್ದಾರೆ, ಪೊಲೀಸರು ಮುಚ್ಚಿಹಾಕಿದ್ದಾರೆ, ಎಲ್ಲರಿಗೂ ಹಂಚಿ. ಚುನಾವಣೆಗೆ ಮೂರು ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ನಮ್ಮ ಕಚೇರಿಗೆ ಇದೊಂದರ ಬಗ್ಗೆಯೇ ನೂರಾರು ಜನ ಕೇಳಿದ್ದರು.

ಹರಿದಾಡುವ ಸುದ್ದಿ ನಿಜವೋ ಸುಳ್ಳೋ ಅಂತ ಪರೀಕ್ಷಿಸುವ ನಮ್ಮ ಕಚೇರಿ ಅಂದರೆ ದೊಡ್ಡದಾಗಿ ಊಹಿಸಬೇಡ. ಪತ್ರಿಕೆಯ ಮೂರನೇ ಮಹಡಿಯಲ್ಲಿ, ಹಳೆ ಸಂಚಿಕೆಗಳ ಕಟ್ಟುಗಳನ್ನು ಒಂದು ಮೂಲೆಗೆ ತಳ್ಳಿ ಮಾಡಿದ ಜಾಗ. ನಾಲ್ಕು ಮೇಜು, ಮೂರು ಜನ. ಸಂಪಾದಕಿ, ನಾನು, ಆಮೇಲೆ ನಾವು ‘ಭೂತಗನ್ನಡಿ’ ಅಂತ ಕರೆಯುವ ಸಹೋದ್ಯೋಗಿ. ಅವನು ಮೊದಲು ಅಚ್ಚುಕೂಟದಲ್ಲಿದ್ದ. ಯಾವ ಚಿತ್ರ ಕೊಟ್ಟರೂ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡುತ್ತಾನೆ, ನೆರಳು ಯಾವ ಕಡೆ ಬಿದ್ದಿದೆ, ಅಂಗಿಯ ಗುಂಡಿ ಎಡಕ್ಕಿದೆಯೋ ಬಲಕ್ಕೋ ಅಂತ.

ಚಿತ್ರವನ್ನು ಇಂಟರ್ನೆಟ್ಟಿನ ಹುಡುಕಾಟಕ್ಕೆ ಹಾಕಿದೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ನಾಲ್ಕು ವರ್ಷದ ಹಿಂದೆ, ನಮಗೆ ಓದಲು ಬಾರದ ಭಾಷೆಯ ಪುಟವೊಂದರಲ್ಲಿ ಅದೇ ಮನುಷ್ಯ, ಅದೇ ಮಡಚಿದ ಕಾಲು. ಅನುವಾದ ಮಾಡಿ ನೋಡಿದರೆ ಲಾರಿ ಅಪಘಾತ ಅಂತಿತ್ತು. ನನ್ನ ಖುಷಿ ಕೇಳಬೇಡ. ಭೂತಗನ್ನಡಿ ಮಾತ್ರ ತಲೆಯಾಡಿಸಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿದರೆ ಸಣ್ಣ ಸಣ್ಣ ಚುಕ್ಕೆ ಕಾಣಿಸುತ್ತಿವೆ, ಇದು ಅಚ್ಚಾದ ಕಾಗದದಿಂದ ಮತ್ತೆ ತೆಗೆದ ಫೋಟೋ, ಆ ಕಾಗದ ಯಾವುದು ಅಂತ ಗೊತ್ತಾಗುವವರೆಗೆ ತಡಿ ಅಂದ. ನಾನು ತಡೆಯಲಿಲ್ಲ. ಮಧ್ಯಾಹ್ನ ಎರಡಕ್ಕೆ ವರದಿ ಹೊರಟಿತು: ಈ ಚಿತ್ರ ನಮ್ಮ ದೇಶದ್ದೇ ಅಲ್ಲ.

ನಿನ್ನ ಸಂದೇಶ ನಾನು ನೋಡುವಷ್ಟರಲ್ಲಿ ವರದಿ ಹೋಗಿ ಆಗಿತ್ತು. ಎಂಟು ತಿಂಗಳಾದ ಮೇಲೆ, ಆ ಫೋಟೋದ ಜೊತೆ ನೀನು ಬರೆದ ಮೂರು ಸಾಲು: ಇದು ಬಸ್ ಡಿಪೋದ ಹಿಂದಿನ ಅಂಗಳ, ನೆಲದ ಬ್ಲಾಕುಗಳನ್ನು ಹಾಕಿದ್ದು ನಾನೇ, ಬೂದು ಬಣ್ಣದವು ಸಾಲದೆ ಬಂದು ಒಂದು ಸಾಲು ಕೆಂಪು ಹಾಕಿದ್ದೆ ನೋಡು, ಸತ್ತವನು ನಮ್ಮೂರವನೇ. ಅದಕ್ಕೆ ನಾನು ಒಂದಕ್ಷರವೂ ಬರೆಯದೆ ವರದಿಯ ಕೊಂಡಿ ಕಳಿಸಿದೆ. ಆಮೇಲೆ ನೀನು ಬಾಗಿಲು ಹಾಕಿದೆ.

ಸಂಜೆಯ ಹೊತ್ತಿಗೆ ನಿನ್ನ ಹಾಗೆಯೇ ಡಿಪೋದ ಅಂಗಳವನ್ನು ಗುರುತಿಸಿದವರು ಹತ್ತಾರು ಜನ ಆದರು. ಒಬ್ಬ ಅಲ್ಲಿಗೇ ಹೋಗಿ ಕೆಂಪು ಸಾಲಿನ ಫೋಟೋ ತೆಗೆದು ನಮ್ಮ ವರದಿಯ ಪಕ್ಕ ಇಟ್ಟ. ಪತ್ರಿಕೆಯವರೇ ಸುಳ್ಳು ಹೇಳುತ್ತಿದ್ದಾರೆ ಅಂದಮೇಲೆ ಕೊಲೆ ನಿಜವೇ ಇರಬೇಕು, ಅಲ್ಲವೇ? ಜನ ಹಾಗೆ ಯೋಚಿಸಿದ್ದನ್ನು ತಪ್ಪು ಅನ್ನಲಾರೆ. ಬುಧವಾರ ಬೆಳಿಗ್ಗೆ ಎದುರು ಪಕ್ಷದ ಕಚೇರಿಗೆ ಕಲ್ಲು ಬಿತ್ತು. ಎರಡು ಕಲ್ಲು ಗುರಿ ತಪ್ಪಿ ಪಕ್ಕದ ಜೆರಾಕ್ಸ್ ಅಂಗಡಿಯ ಗಾಜು ಒಡೆದವು. ಅಂಗಡಿ ನಡೆಸುವ ಹೆಂಗಸಿನ ತೋಳಿಗೆ ಹನ್ನೊಂದು ಹೊಲಿಗೆ.

ಆ ಸುದ್ದಿ ಬಂದಾಗ ಸಂಪಾದಕಿ ಬೈಯಲಿಲ್ಲ. ಅವರು ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು. ಹೋಗಿ ನೆಲ ನೋಡಿಕೊಂಡು ಬಾ ಅಂದರು, ಅಷ್ಟೇ.

ನಾನೂ ಭೂತಗನ್ನಡಿಯೂ ಡಿಪೋಗೆ ಹೋದೆವು. ಹಿಂದಿನ ಅಂಗಳದಲ್ಲಿ, ಬಸ್ಸು ತೊಳೆಯುವ ಕಟ್ಟೆಯ ಹತ್ತಿರ, ನೀನು ಹೇಳಿದ್ದ ಕೆಂಪು ಸಾಲು ಇತ್ತು. ಅದರ ಮೇಲೆ ನಿಂತೆ. ಅಣ್ಣ, ಕೆಲಸ ಅಚ್ಚುಕಟ್ಟಾಗಿದೆ, ಇಷ್ಟು ವರ್ಷ ಬಸ್ಸು ಓಡಾಡಿದರೂ ಒಂದು ಬ್ಲಾಕೂ ಕುಸಿದಿಲ್ಲ. ಕ್ಯಾಂಟೀನಿನ ಹೆಂಗಸಿಗೆ ಫೋಟೋ ತೋರಿಸಿ ಇವರು ಯಾರು ಗೊತ್ತಾ ಅಂತ ಮೆಲ್ಲಗೆ ಕೇಳಿದೆ. ಸಾವಿನ ಸುದ್ದಿ, ಹೇಗೆ ಕೇಳುವುದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಆಕೆ ಕೈ ಒರೆಸಿಕೊಂಡು ನೋಡಿ ಹೇಳಿದಳು:

“ಇದು ನಮ್ಮ ಡಿಪೋ ಹೆಣ ಅಲ್ವಾ? ಪ್ರತಿ ವರ್ಷ ಸಾಯ್ತಾರಲ್ಲ, ಅವರೇ.”

ವಿಷಯ ಇಷ್ಟು. ವರ್ಷಕ್ಕೊಮ್ಮೆ ಡಿಪೋದಲ್ಲಿ ಅಪಘಾತದ ಅಣಕು ತರಬೇತಿ ನಡೆಯುತ್ತದೆ. ಗಾಯಾಳುಗಳನ್ನು ಹೇಗೆ ಎತ್ತಬೇಕು, ರಕ್ತ ಹೇಗೆ ನಿಲ್ಲಿಸಬೇಕು ಅಂತ ಕಲಿಸುತ್ತಾರೆ. ಅದರಲ್ಲಿ ಸತ್ತವನಾಗಿ ಮಲಗುವುದು ಒಬ್ಬ ನಿವೃತ್ತ ಡ್ರೈವರ್. ಐದು ವರ್ಷದ ಹಿಂದೆ ನೌಕರರ ಸಂಘದ ಅಚ್ಚಾದ ಸಂಚಿಕೆಯಲ್ಲಿ ಆ ತರಬೇತಿಯ ಚಿತ್ರ ಬಂದಿತ್ತು. ಭೂತಗನ್ನಡಿ ಕಂಡ ಚುಕ್ಕೆಗಳು ಅದರವು. ಆ ಹಾಳೆಯ ಫೋಟೋ ಯಾರೋ ತೆಗೆದು ಎಲ್ಲೋ ಹಾಕಿದ್ದಾರೆ, ಅಲ್ಲಿಂದ ಆ ಪರದೇಶದ ಪುಟದವರು ಕದ್ದಿದ್ದಾರೆ. ನಾನು ಸಾಕ್ಷಿ ಅಂದುಕೊಂಡಿದ್ದೇ ಇನ್ನೊಂದು ಸುಳ್ಳು. ಜಾಗದ ವಿಷಯದಲ್ಲಿ ನೀನು ಸರಿ, ಕೊಲೆಯ ವಿಷಯದಲ್ಲಿ ನಾನು ಸರಿ. ಇಬ್ಬರೂ ಒಂದು ಸಲ ಮಾತಾಡಿಕೊಂಡಿದ್ದರೆ ಪೂರ್ತಿ ಸರಿ ಆಗಿರುತ್ತಿತ್ತು.

ಗುರುವಾರ ಡ್ರೈವರ್ ಅವರ ಮನೆಗೆ ಹೋದೆವು. ಎರಡು ಕೋಣೆಯ ಮನೆ, ಕಿಟಕಿಯ ಹತ್ತಿರ ಬಿಚ್ಚಿ ಹರಡಿದ ಟೇಬಲ್ ಫ್ಯಾನು. ಅವರು ಅದರ ರೆಕ್ಕೆ ಒರೆಸುತ್ತಾ ಕೂತಿದ್ದರು. ಕೊಲೆಯಾದ ವಿಷಯ ಅವರಿಗೆ ಹಿಂದಿನ ದಿನ ನಾದಿನಿ ಅಳುತ್ತಾ ಓಡಿಬಂದಾಗಲೇ ಗೊತ್ತಾಗಿತ್ತಂತೆ. ಬಾಗಿಲು ತೆಗೆದವರು ಇವರೇ. ಆಕೆಗೆ ನೀರು ಕೊಟ್ಟು ಕೂರಿಸಿ ಸಮಾಧಾನ ಮಾಡುವುದರಲ್ಲಿ ಅರ್ಧ ದಿನ ಹೋಯಿತಂತೆ.

ಅವರಿಗೆ ಭಯಕ್ಕಿಂತ ಕುತೂಹಲವೇ ಹೆಚ್ಚು. ಈ ಚಿತ್ರ ಇನ್ನೆಲ್ಲೆಲ್ಲಿ ಬಂದಿದೆ, ಹುಡುಕಿ ತೋರಿಸಿ ಅಂದರು. ಅಲ್ಲೇ ಕೂತು ಹುಡುಕಿದೆವು. ಲಾರಿ ಅಪಘಾತದಲ್ಲಿ ಒಂದು ಸಲ, ಪ್ರವಾಹದಲ್ಲಿ ಒಂದು ಸಲ, ಕಾರ್ಖಾನೆಯ ಮುಷ್ಕರದಲ್ಲಿ ಒಂದು ಸಲ, ಯಾವುದೋ ಮಾತ್ರೆ ನುಂಗಿ ಒಂದು ಸಲ, ಈಗ ಈ ಕೊಲೆ. ಒಟ್ಟು ಐದು. ಪ್ರತಿಯೊಂದನ್ನೂ ಕನ್ನಡಕ ಏರಿಸಿಕೊಂಡು ನೋಡಿದರು. ಪ್ರವಾಹದಲ್ಲಿ ಸತ್ತವನ ಬಟ್ಟೆ ಒಣಗಿದೆಯಲ್ಲ, ಇದನ್ನು ನಂಬಿದವರು ಯಾರು ಅಂತ ನಿಜವಾಗಿಯೂ ಆಶ್ಚರ್ಯಪಟ್ಟರು. ಆಮೇಲೆ ಕೊಲೆಯ ಚಿತ್ರ ನೋಡಿ, ಕಾಲು ಇನ್ನೂ ಸ್ವಲ್ಪ ಸೊಟ್ಟಗಿರಬೇಕಿತ್ತು, ಆ ವರ್ಷ ಮಂಡಿ ನೋವಿತ್ತು ಅಂದರು. ಭೂತಗನ್ನಡಿಗೆ ನಗು ತಡೆಯಲಾಗಲಿಲ್ಲ. ಅವರ ಹೆಂಡತಿ ಮಾತ್ರ ನಗಲಿಲ್ಲ. ಬಾಗಿಲ ಹತ್ತಿರ ನಿಂತು, ಬರಹವನ್ನು ಇನ್ನೊಂದು ಸಲ ಓದಿ ಹೇಳಿ ಅಂದರು. ಓದಿದೆ. “ಮೂರು ಮಕ್ಕಳಂತೆ,” ಅಂದು ಒಳಗೆ ಹೋದರು. ಅವರಿಗೆ ಮಕ್ಕಳಿಲ್ಲ ಅಂತ ನನಗೆ ಆಮೇಲೆ ತಿಳಿಯಿತು.

ಅಂದೇ ಅವರ ವಿಡಿಯೋ ಮಾಡಿ ಹಾಕಿದೆವು. ಆ ದಿನದ ಪತ್ರಿಕೆ ಕೈಯಲ್ಲಿ ಹಿಡಿದು, ನಾನು ಬದುಕಿದ್ದೇನೆ, ನನ್ನ ಹೆಸರಲ್ಲಿ ಯಾರಿಗೂ ಕಲ್ಲು ಹೊಡೆಯಬೇಡಿ ಅಂದರು. ಒಂದು ಗಂಟೆಯೊಳಗೆ ಉತ್ತರ ಬಂತು: ಇದು ಯಂತ್ರದಲ್ಲಿ ಮಾಡಿದ ವಿಡಿಯೋ; ಅಲ್ಲ, ಇವನು ಸತ್ತವನ ತಮ್ಮ; ಅಲ್ಲ, ದುಡ್ಡು ಕೊಟ್ಟು ಕರೆಸಿದ ನಟ. ಒಂದು ಸಲ ಸುಳ್ಳು ಹೇಳಿದ ಪತ್ರಿಕೆ ತೋರಿಸಿದ ಜೀವಂತ ಮನುಷ್ಯನನ್ನೂ ಯಾರೂ ನಂಬಲಿಲ್ಲ. ಶನಿವಾರ ಸಂಜೆ ಸಮುದಾಯ ಭವನದಲ್ಲಿ ಸಂತಾಪ ಸಭೆ, ಅಲ್ಲಿಂದ ಎದುರು ಪಕ್ಷದ ಕಚೇರಿಗೆ ಮೆರವಣಿಗೆ ಅಂತ ಪ್ರಕಟಣೆ ಬಂತು.

ಡ್ರೈವರ್ ಫೋನು ಮಾಡಿ, ನಾನೂ ಹೋಗ್ತೀನಿ ಅಂದರು. ಬೇಡ ಅಂದೆ, ಕೇಳಲಿಲ್ಲ. ನಮ್ಮ ಸಂಪಾದಕಿ ಪೊಲೀಸರಿಗೆ ತಿಳಿಸಿದರು. ಇಬ್ಬರು ಪೊಲೀಸರು ಬಂದು ಭವನದ ಗೇಟಿನಲ್ಲಿ ನಿಂತರು, ಅಷ್ಟೇ.

ನಿನ್ನೆ ಅಲ್ಲಿ ಇನ್ನೂರು ಜನ ಇದ್ದರು. ವೇದಿಕೆಯ ಮುಂದೆ ಅದೇ ಫೋಟೋವನ್ನು ಆಳೆತ್ತರಕ್ಕೆ ಅಚ್ಚು ಹಾಕಿಸಿ ನಿಲ್ಲಿಸಿದ್ದರು. ಜನ ಸಾಲಾಗಿ ಬಂದು ಹೂವಿಟ್ಟು ಹೋಗುತ್ತಿದ್ದರು. ಡ್ರೈವರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಾಲಿನಲ್ಲಿ ನಿಂತರು, ಅವರ ಹಿಂದೆ ನಾನು. ಒಬ್ಬರಾದರೂ ಗುರುತಿಸಬೇಕಲ್ಲ! ಅವರ ಸರದಿ ಬಂತು. ತಮ್ಮದೇ ಚಿತ್ರದ ಮುಂದೆ ಸುಮ್ಮನೆ ನಿಂತರು. ಬೇಗ ಮುಂದೆ ಹೋಗಿ ಯಜಮಾನರೇ ಅಂತ ಒಬ್ಬ ಕಾರ್ಯಕರ್ತ ಭುಜ ಮುಟ್ಟಿದ. ಇವರು ಆ ಚಿತ್ರದಲ್ಲಿರುವವನು ನಾನೇ ಅಂದರು. ಆತ ಮರುಕದಿಂದ ನೋಡಿ, ನಮಗೂ ಹಾಗೇ ಅನ್ನಿಸ್ತಿದೆ, ನಾವೆಲ್ಲ ಅವರೇ ಅಂದ.

ಆಗ ಡ್ರೈವರ್ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಫೋಟೋದ ಕೆಳಗೆ ಮೆಲ್ಲಗೆ ಕೂತು, ಒಂದು ಕೈ ಊರಿ, ನೆಲದ ಮೇಲೆ ಮಲಗಿದರು. ತಲೆ ಎಡಕ್ಕೆ ವಾಲಿಸಿದರು. ಬಾಯಿ ಸ್ವಲ್ಪ ತೆರೆದರು. ಕೊನೆಗೆ ಬಲಗಾಲು ಮಡಚಿದರು. ಅಣ್ಣ, ಮೇಲೊಂದು, ಕೆಳಗೊಂದು, ಒಂದೇ ದೇಹ. ಮುಂದಿನವರ ಮಾತು ನಿಂತಿತು, ಆಮೇಲೆ ಅವರ ಹಿಂದಿನವರದು. ಹಾಗೇ ಬಾಗಿಲವರೆಗೂ ಸದ್ದಡಗಿತು.

ಸಾಲಿನಲ್ಲಿದ್ದ ಒಬ್ಬ ಮುದುಕಿ ಬಗ್ಗಿ ಅವರ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಆಕೆಯ ಕಣ್ಣಲ್ಲಿ ಇನ್ನೂ ನೀರಿತ್ತು.

“ಹಾಗಾದ್ರೆ ಮೂರು ದಿನದಿಂದ ನಾನು ಅತ್ತಿದ್ದು ಯಾರಿಗೆ?” ಅಂದಳು.

ಡ್ರೈವರ್ ಮಲಗಿದಲ್ಲಿಂದಲೇ ಕಣ್ಣು ಬಿಟ್ಟು, “ನನಗೇ ಅಮ್ಮ. ನನ್ನ ಹೆಂಡತಿ ಬಿಟ್ರೆ ನನಗೋಸ್ಕರ ಇನ್ಯಾರೂ ಅಳಲ್ಲ ಅಂದ್ಕೊಂಡಿದ್ದೆ,” ಅಂದರು.

ಆಕೆ ನಕ್ಕಳು. ಎಲ್ಲರೂ ನಗಲಿಲ್ಲ. ಇದೂ ನಾಟಕ ಅಂತ ಕೂಗಿದವರಿದ್ದರು, ಹೂ ನೆಲಕ್ಕೆಸೆದು ಹೋದವರಿದ್ದರು. ವೇದಿಕೆಯ ಮೇಲಿದ್ದ ಮುಖಂಡರು ಮೈಕು ಹಿಡಿದು ಏನೋ ಹೇಳಲು ನೋಡಿ, ಕೊನೆಗೆ ಸಭೆ ಮುಗಿಯಿತು ಅಂದರು. ಮೆರವಣಿಗೆ ಹೊರಡಲಿಲ್ಲ. ಎದ್ದು ನಿಲ್ಲಲು ಡ್ರೈವರ್ ಅವರಿಗೆ ಮೂವರು ಕೈ ಕೊಡಬೇಕಾಯಿತು, ಮಂಡಿ ಹಿಡಿದುಬಿಟ್ಟಿತ್ತು.

ಇಂದಿನ ಪತ್ರಿಕೆಯಲ್ಲಿ ನಮ್ಮ ತಿದ್ದುಪಡಿ ಮುಖಪುಟದಲ್ಲೇ ಬಂದಿದೆ. ಏನು ತಪ್ಪಾಯಿತು, ಯಾಕೆ ಆಯಿತು ಅಂತ ನಾನೇ ಬರೆದೆ. ಬೆಳಿಗ್ಗೆ ಅದನ್ನು ಹಿಡಿದುಕೊಂಡು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಒಡೆದ ಗಾಜಿನ ಜಾಗಕ್ಕೆ ರಟ್ಟು ಕಟ್ಟಿದ್ದಾರೆ. ಆಕೆ ಒಂದೇ ಕೈಯಲ್ಲಿ ಯಂತ್ರ ನಡೆಸುತ್ತಿದ್ದಳು. ತಿದ್ದುಪಡಿಯನ್ನು ಪೂರ್ತಿ ಓದಿ ಒಂದೇ ಪ್ರಶ್ನೆ ಕೇಳಿದಳು. ನೀವು ಮೊದಲನೇ ಸಲವೇ ಸರಿಯಾಗಿ ಬರೆದಿದ್ದರೆ ಕಲ್ಲು ಬೀಳುತ್ತಿರಲಿಲ್ಲವಾ ಅಂತ. ಗೊತ್ತಿಲ್ಲ ಅಂದೆ. ಇಷ್ಟು ವರ್ಷದ ಕೆಲಸದಲ್ಲಿ ಆ ಪದವನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು ಅನ್ನಿಸಿತು.

ಮಕ್ಕಳಿಗೆ ನನ್ನ ಪ್ರೀತಿ ತಿಳಿಸು, ಅತ್ತಿಗೆಗೆ ಕೇಳಿದೆ ಅಂತ ಹೇಳು. ಮುಂದಿನ ಸಲ ಏನಾದರೂ ಗುರುತು ಹಿಡಿದರೆ ನನಗೆ ಬರೆ, ಬೈದಾದರೂ ಬರೆ.

ಇಂತಿ ನಿನ್ನ ತಂಗಿ,
ಕಡ್ಡಿ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ನಿನ್ನ ಸಂದೇಶ ಬಂದಾಗ ವರದಿ ಹೋಗಿರಲಿಲ್ಲ. ಹನ್ನೆರಡು ಗಂಟೆಗೇ ಬಂದಿತ್ತು. ತೆರೆಯದೆ, ಪರದೆಯ ಮೇಲೆ ಇಣುಕಿದ ಮೂರು ಸಾಲನ್ನೂ ಓದಿದೆ. ನಾನು ಓದಿದ್ದು ನಿನಗೂ ಗೊತ್ತಾಗಿರಲಾರದು. ಬೇರೆ ಯಾರ ಹೆಸರಿದ್ದರೂ ಆ ನೆಲವನ್ನೊಮ್ಮೆ ನೋಡುತ್ತಿದ್ದೆ. ನಿನ್ನ ಹೆಸರು ನೋಡಿ, ಇವನದು ಇದ್ದದ್ದೇ ಅಂತ ಫೋನನ್ನು ಬೋರಲು ಇಟ್ಟೆ. ತಿದ್ದುಪಡಿಯಲ್ಲಿ ಇದನ್ನು ಬರೆದಿಲ್ಲ, ಸಂಪಾದಕಿಗೂ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಅವರಿಗೆ ಹೇಳುತ್ತೇನೆ, ಅಂಗಡಿಯವಳಿಗೂ ಹೇಳುತ್ತೇನೆ. ಮೊದಲು ನಿನಗೆ.